ಕೊಡಗಿನ ಏರಿಗೆ ಯಾವ ಶಿಫ್ಟರ್? ಮೂರು ಹಳೇ ಸೈಕಲ್, ಒಂದು ತಲೆನೋವು

ಮೂರ್ನಾಡು ಪೆಡಲ್ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಹೈಬ್ರಿಡ್ ಸೈಕಲ್ ಓಡಿಸುತ್ತಿದ್ದೇನೆ. ಈಗ ರೋಡ್ ಬೈಕ್ ಹುಚ್ಚು ಹಿಡಿದಿದೆ. ಹೊಸದಕ್ಕೆ ಕೈ ಹಾಕುವಷ್ಟು ಕಾಸಿಲ್ಲ. ಮೆಣಸಿಗೆ ರೇಟ್ ಬಂದಾಗ ನಮ್ಮ ಬಳ್ಳಿಯಲ್ಲಿ ಮೆಣಸಿರುವುದಿಲ್ಲ, ಅದು ಬೇರೆ ಕಥೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕಿದೆ. ಮೂರು ಸಿಕ್ಕಿವೆ. ಮೂರೂ ನನ್ನ ಅಳತೆಗೆ ಸರಿ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಗೇರ್ ಹಾಕುವ ಲಿವರ್, ಅಂದರೆ ಶಿಫ್ಟರ್, ಮಾತ್ರ ಬೇರೆ ಬೇರೆ.

ಒಂದು ಹಳೇ ಸ್ಟೀಲ್ ಸೈಕಲ್. ಗೇರಿನ ಲಿವರ್ ಕೆಳಗಿನ ಕೊಳವೆಯ (ಡೌನ್‌ಟ್ಯೂಬ್) ಮೇಲೆ ಎರಡು ಕಿವಿ ಥರ ಕೂತಿದೆ. ಎರಡನೆಯದು ಶಿಮಾನೊ 8 ಸ್ಪೀಡ್, ಅಂದರೆ ಹಿಂದೆ 8 ಗೇರು; ಗೇರು ಬ್ರೇಕ್ ಲಿವರ್‌ನಲ್ಲೇ ಇದೆ. ಮೂರನೆಯದು ಸ್ರಾಮ್ ರೈವಲ್ 10 ಸ್ಪೀಡ್, ಡಬಲ್‌ಟ್ಯಾಪ್ ಅಂತೆ.

ನನ್ನ ದಾರಿ ಮೂರ್ನಾಡು, ಮೇಕೇರಿ, ಮಡಿಕೇರಿ. ರಜೆಯಲ್ಲಿ ನಾಪೋಕ್ಲು ಮೇಲೆ ಭಾಗಮಂಡಲ. ಧೈರ್ಯ ಬಂದರೆ ತಲಕಾವೇರಿ. ಮಳೆಗಾಲದಲ್ಲೂ ಬಿಡುವುದಿಲ್ಲ. ಕೆಟ್ಟರೆ ಮೈಸೂರಿಗೇ ಹೊತ್ತುಕೊಂಡು ಹೋಗಬೇಕು. ಯಾವುದು ತಗೊಳ್ಳಲಿ?

ಹಳೇ ಸ್ಟೀಲ್ · ಭಾನುವಾರ ರಾತ್ರಿ

ಇದರಲ್ಲಿ ಕೇಳುವುದಕ್ಕೆ ಎಂತ ಇದೆ ಮಾರಾಯ್ರೆ? ಸ್ಟೀಲ್ ತಗೊಳ್ಳಿ. ಡೌನ್‌ಟ್ಯೂಬ್ ಲಿವರ್ ಅಂದರೆ ಒಂದು ಸ್ಕ್ರೂ, ಎರಡು ವಾಷರ್, ಒಂದು ಹಿಡಿ. ಅದರೊಳಗೆ ಕೆಡುವುದಕ್ಕೆ ಏನೂ ಇಲ್ಲ. ಲಿವರ್ ಸಡಿಲ ಆಯಿತಾ, ಸ್ಕ್ರೂ ಬಿಗಿ ಮಾಡಿ. ಮುಗಿಯಿತು. ಕ್ಲಿಕ್ ಇಲ್ಲದ ಫ್ರಿಕ್ಷನ್ ಲಿವರ್ ಆದರೆ ಹಿಂದೆ ಯಾವ ಗೇರ್ ಸೆಟ್ ಹಾಕಿದರೂ ಅದಕ್ಕೆ ಚಿಂತೆಯಿಲ್ಲ. ಐದಾಗಲಿ, ಎಂಟಾಗಲಿ, ನೀವು ಎಳೆದಷ್ಟು ಅದು ಹೋಗುತ್ತದೆ.

1980ರ ದಶಕದಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದವರು ಕೈ ಚಾಚಿದ್ದು ಈ ಲಿವರಿಗೇ. ಅದಕ್ಕೆ ಕ್ಲಿಕ್ ಬಂದದ್ದು 1984ರಲ್ಲಿ, ಶಿಮಾನೊ ಕಂಪನಿಯ ಡ್ಯೂರಾ ಏಸ್ ಎಂಬ ಗೇರ್ ಸೆಟ್ ಜೊತೆ. ಬ್ರೇಕ್ ಲಿವರಿಗೆ ಗೇರ್ ಹತ್ತಿದ್ದು 1990ರಲ್ಲಿ. ಅದಾದ ಮೇಲೂ ಕೆಲವರು ಬೆಟ್ಟದ ದಿನಗಳಲ್ಲಿ ಪೆಡಲ್ ಪಕ್ಕದ ಮುಂದಿನ ಗೇರಿಗೆ ಡೌನ್‌ಟ್ಯೂಬ್ ಲಿವರನ್ನೇ ಇಟ್ಟುಕೊಂಡರು. ತೂಕ ಕಡಿಮೆ ಅಂತ. ನಮ್ಮದು ಬೆಟ್ಟದ ನಾಡು ತಾನೆ?

ಸಂಪಾಜೆ ಇಳಿಜಾರು · ಸೋಮವಾರ ಬೆಳಗ್ಗೆ

ಹಳೇ ಸ್ಟೀಲ್ ಅವರು ಕೊನೆಯ ಸಲ ಜೋಡುಪಾಲದ ತಿರುವಿನಲ್ಲಿ ಒಂದು ಕೈ ಬಿಟ್ಟು ಇಳಿದದ್ದು ಯಾವಾಗ? ಎದುರಿಗೆ ಟ್ಯಾಂಕರ್, ಹಿಂದೆ ಮಂಗಳೂರು ಬಸ್, ಕೆಳಗೆ ಗುಂಡಿ. ಆಗ ಮೊಣಕಾಲಿನ ಹತ್ತಿರ ಲಿವರ್ ಹುಡುಕಬೇಕು. ನಾನು ಎರಡು ವರ್ಷ ಡೌನ್‌ಟ್ಯೂಬ್ ಓಡಿಸಿದವನು. ಇಳಿಯುವಾಗಿನ ಭಯಕ್ಕಿಂತ ಹತ್ತುವಾಗಿನ ಸೋಮಾರಿತನ ಜಾಸ್ತಿ ಕಾಡಿತು. ಕೈ ಚಾಚಬೇಕಲ್ಲ ಅಂತ ಗೇರ್ ಬದಲಿಸುವುದೇ ಇಲ್ಲ. ತಪ್ಪು ಗೇರಿನಲ್ಲೇ ತುಳಿಯುತ್ತೀರಿ. ಅದರ ಸಾಲ ಮಂಡಿ ತೀರಿಸುತ್ತದೆ.

ಹ್ಯಾಂಡಲ್ ಬಿಡದೆ ಗೇರ್ ಹಾಕುವ ಯಾವುದಾದರೂ ಸರಿ, ಅದನ್ನೇ ತಗೊಳ್ಳಿ.

ಗೋಣಿಕೊಪ್ಪ ಸ್ಪ್ಯಾನರ್ · ಸೋಮವಾರ ಮಧ್ಯಾಹ್ನ

ಜಗಳ ಆಮೇಲೆ. ಮೊದಲು ನಮ್ಮ ಮಳೆ ಏನು ಮಾಡುತ್ತದೆ ನೋಡೋಣ. ನಾನು ಮೆಕ್ಯಾನಿಕ್ ಅಲ್ಲ. ಅಂಗಡಿ ದೂರ ಅಂತ ಕಲಿತವನು.

ಗೇರಿನ ಇನ್ನರ್ ಕೇಬಲ್ 1.2 ಮಿ.ಮೀ. ದಪ್ಪ. ಒಂದು ಕ್ಲಿಕ್ಕಿಗೆ ಶಿಫ್ಟರ್ ಇಂತಿಷ್ಟೇ ಕೇಬಲ್ ಎಳೆಯಬೇಕು ಎಂಬ ಲೆಕ್ಕವಿದೆ. ಶಿಮಾನೊ 8 ಸ್ಪೀಡಿನಲ್ಲಿ ಸುಮಾರು 2.8 ಮಿ.ಮೀ. ಅದೇ ಕಂಪನಿಯ 10 ಸ್ಪೀಡಿನಲ್ಲಿ ಸುಮಾರು 2.3. ಸ್ರಾಮ್ 10 ಸ್ಪೀಡ್ ಸುಮಾರು 3.1 ಎಳೆಯುತ್ತದೆ. ಔಟರ್, ಅಂದರೆ ಕೇಬಲಿನ ಹೊರಕವಚದ, ಒಳಗೆ ಕೆಂಪು ಕೆಸರು ಹೊಕ್ಕು ಕೇಬಲ್ ಸ್ವಲ್ಪ ಹಿಡಿದುಕೊಂಡಿತು ಅಂತಿಟ್ಟುಕೊಳ್ಳಿ. ಕಡಿಮೆ ಎಳೆಯುವ ಶಿಫ್ಟರಿಗೆ ಆ ಸ್ವಲ್ಪವೇ ದೊಡ್ಡ ತಪ್ಪು. ಜಾಸ್ತಿ ಎಳೆಯುವುದಕ್ಕೆ ಅದು ಲೆಕ್ಕಕ್ಕೆ ಬರುವುದಿಲ್ಲ. ಮೇಲಾಗಿ 8 ಸ್ಪೀಡಿನಲ್ಲಿ ಹಿಂದಿನ ಹಲ್ಲುಚಕ್ರಗಳ ನಡುವೆ ಜಾಗ ಹೆಚ್ಚು. ಕಾಫಿ ಕುಯ್ಲಿನ ಹೊತ್ತಿಗೆ ಟ್ರ್ಯಾಕ್ಟರ್‌ಗಳು ರಸ್ತೆ ತುಂಬ ಮಣ್ಣು ಚೆಲ್ಲಿರುತ್ತವಲ್ಲ, ಆಗ ನನ್ನ ಹಳೇ 8 ಸ್ಪೀಡ್ ಗೊಣಗದೆ ನಡೆಯುತ್ತದೆ. ತಮ್ಮನ 10 ಸ್ಪೀಡ್ ವಾರಕ್ಕೊಮ್ಮೆ ಹಟ ಮಾಡುತ್ತದೆ.

ಡೌನ್‌ಟ್ಯೂಬಿನ ಪರವಾಗಿ ಒಂದು ನಿಜ ಹೇಳಬೇಕು. ಅದರ ಕೇಬಲ್ ಬಹುಪಾಲು ಬಯಲಲ್ಲೇ ಓಡುತ್ತದೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಹತ್ತಿರ ಒಂದು ಗೇಣು ಔಟರ್ ಇದ್ದರೆ ಸಾಕು. ಕೆಸರು ಸಿಕ್ಕಿಕೊಳ್ಳುವ ಜಾಗವೇ ಕಡಿಮೆ. ಬ್ರೇಕ್ ಲಿವರಿನ ಶಿಫ್ಟರ್‌ನಲ್ಲಿ ಕೇಬಲ್ ಹ್ಯಾಂಡಲ್ ಟೇಪಿನ ಅಡಿಯಲ್ಲಿ ಬಾಗಿ ಬಳುಕಿ ಬರಬೇಕು.

ಮೂರ್ನಾಡು ಪೆಡಲ್ ಅವರೇ, ಒಂದು ಪ್ರಶ್ನೆ. ಆ ಶಿಮಾನೊ ಸೈಕಲಿನಲ್ಲಿ ಬ್ರೇಕ್ ಲಿವರಿನ ಬುಡದ ರಬ್ಬರ್ ಹಿಡಿಯ, ಅಂದರೆ ಹುಡ್‌ನ, ಒಳಮಗ್ಗುಲಿಗೆ ಹೆಬ್ಬೆರಳಿಗೆ ಸಿಗುವಂತೆ ಸಣ್ಣ ಗುಂಡಿ ಇದೆಯಾ? ಅಥವಾ ಬ್ರೇಕ್ ಲಿವರಿನ ಹಿಂದೆ ಇನ್ನೊಂದು ಪುಟ್ಟ ಲಿವರ್ ಇದೆಯಾ? ಫೋಟೋ ನೋಡಿ ಹೇಳಿ.

ಮೂರ್ನಾಡು ಪೆಡಲ್ · ಸೋಮವಾರ ಸಂಜೆ

ನೋಡಿದೆ. ಗುಂಡಿ ಇದೆ. ಹಿಂದೆ ಲಿವರ್ ಇಲ್ಲ. ಮೋಸ ಹೋದೆನಾ?

ಗೋಣಿಕೊಪ್ಪ ಸ್ಪ್ಯಾನರ್ · ಸೋಮವಾರ ಸಂಜೆ

ಮೋಸ ಅಲ್ಲ. ಶಿಮಾನೊ ತನ್ನ ಕಡಿಮೆ ಬೆಲೆಯ ಸೆಟ್‌ಗಳಿಗೆ ಆಗ ಮಾಡುತ್ತಿದ್ದದ್ದೇ ಹಾಗೆ. ಹಳೇ 2300, ಹಳೇ ಸೋರಾ 3400, ಎರಡರಲ್ಲೂ ಆ ಗುಂಡಿಯೇ. ಬ್ರೇಕ್ ಲಿವರನ್ನು ಒಳಕ್ಕೆ ತಳ್ಳಿದರೆ ಹಗುರ ಗೇರು. ಗುಂಡಿ ಒತ್ತಿದರೆ ಭಾರದ ಗೇರು. ತಾಪತ್ರಯ ಒಂದೇ. ಡ್ರಾಪ್, ಅಂದರೆ ಹ್ಯಾಂಡಲಿನ ಕೆಳಕ್ಕೆ ಬಾಗಿದ ಭಾಗ, ಹಿಡಿದುಕೊಂಡಾಗ ಹೆಬ್ಬೆರಳು ಅಲ್ಲಿಗೆ ಎಟುಕುವುದಿಲ್ಲ. ರೇಸ್ ಮಾಡುವವರು ಇದಕ್ಕೇ ಅದನ್ನು ಬೈಯುತ್ತಿದ್ದರು.

ಆದರೆ ನಾವು ಡ್ರಾಪ್ ಹಿಡಿಯುವುದು ಯಾವಾಗ? ಇಳಿಯುವಾಗ. ಇಳಿಯುವಾಗ ನಮ್ಮ ರಸ್ತೆಯಲ್ಲಿ ಭಾರದ ಗೇರ್ ಹಾಕಿ ತುಳಿಯುವ ಧೈರ್ಯ ಯಾರಿಗಿದೆ? ಬ್ರೇಕ್ ಹಿಡಿದೇ ಇರುತ್ತೇವೆ. ಹತ್ತುವಾಗ ಕೈ ಹುಡ್ ಮೇಲಿರುತ್ತದೆ. ಅಲ್ಲಿಂದ ಗುಂಡಿ ಚೆನ್ನಾಗಿ ಸಿಗುತ್ತದೆ.

ಕುಶಾಲನಗರ ಡಬ್ಬಲ್ · ಸೋಮವಾರ ರಾತ್ರಿ

ಸ್ರಾಮ್ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ನಾನು ಐದು ವರ್ಷದಿಂದ ಡಬಲ್‌ಟ್ಯಾಪ್ ಬಳಸುತ್ತಿದ್ದೇನೆ. ಬ್ರೇಕ್ ಲಿವರ್ ಪಕ್ಕಕ್ಕೆ ಅಲ್ಲಾಡುವುದಿಲ್ಲ, ಬ್ರೇಕ್ ಕೆಲಸ ಮಾತ್ರ ಮಾಡುತ್ತದೆ. ಅದರ ಹಿಂದೆ ಒಂದೇ ಲಿವರ್. ಸಣ್ಣಗೆ ತಟ್ಟಿದರೆ ಹಿಂದೆ ಒಂದು ಸಣ್ಣ ಹಲ್ಲುಚಕ್ರಕ್ಕೆ, ಅಂದರೆ ಭಾರದ ಗೇರಿಗೆ. ಉದ್ದಕ್ಕೆ ತಳ್ಳಿದರೆ ದೊಡ್ಡ ಹಲ್ಲುಚಕ್ರಕ್ಕೆ. 2006ರಲ್ಲಿ ಬಂದಾಗ ಜನ ತಮಾಷೆ ಮಾಡಿದ್ದರಂತೆ. ಒಂದು ವಾರದಲ್ಲಿ ಬೆರಳಿಗೆ ಅಭ್ಯಾಸ ಆಗುತ್ತದೆ. ಚಳಿಗೆ ದಪ್ಪ ಗ್ಲೌಸ್ ಹಾಕಿದಾಗ ಇದರ ಸುಖ ಗೊತ್ತಾಗುವುದು. ಎರಡು ಲಿವರ್ ಒಟ್ಟಿಗೆ ಒತ್ತಿಹೋಗುವ ಗೊಂದಲವಿಲ್ಲ.

ಒಂದು ಚೇಷ್ಟೆ ಇದೆ, ಮುಚ್ಚಿಡುವುದಿಲ್ಲ. ನೀವು ಆಗಲೇ ಕೊನೆಯ ಹಗುರ ಗೇರಿನಲ್ಲಿದ್ದೀರಿ. ಸುಸ್ತಾಗಿದೆ, ಲೆಕ್ಕ ಮರೆತಿದೆ. ಇನ್ನೊಂದು ಇರಬಹುದು ಎಂದು ಲಿವರ್ ತಳ್ಳುತ್ತೀರಿ. ಅದು ಪೂರ್ತಿ ಹೋಗದೆ ಅರ್ಧಕ್ಕೆ ನಿಲ್ಲುತ್ತದೆ. ಕೈ ಬಿಟ್ಟ ಕೂಡಲೇ ಟಕ್ ಅಂತ ಭಾರದ ಗೇರಿಗೆ ಬೀಳುತ್ತದೆ. ಬೋಯಿಕೇರಿ ದಾಟಿ ಮಡಿಕೇರಿಗೆ ಹತ್ತುವಾಗ ನನಗೆ ಇದು ಎಷ್ಟು ಸಲ ಆಗಿದೆಯೋ. ಆ ಹೊತ್ತಿಗೆ ಬಾಯಲ್ಲಿ ಬರುವ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಪುಟ್ಟ ಕೈ · ಮಂಗಳವಾರ ಬೆಳಗ್ಗೆ

ಎಲ್ಲರೂ ಒಳಗಿನ ಯಂತ್ರದ ಬಗ್ಗೆ ಮಾತಾಡುತ್ತಿದ್ದೀರಿ. ಕೈ ಬಗ್ಗೆ ಯಾರೂ ಕೇಳಲಿಲ್ಲ. ನನ್ನ ಬೆರಳು ಸಣ್ಣ. ಮೊದಲ ಸೈಕಲಿನ ಬ್ರೇಕ್ ಲಿವರ್ ನನಗೆ ಎಟುಕುತ್ತಲೇ ಇರಲಿಲ್ಲ. ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಒಂದು ಸಲ ಇಳಿದೆ. ಕೆಳಗೆ ತಲುಪುವಷ್ಟರಲ್ಲಿ ಬೆರಳು ಮರಗಟ್ಟಿ ಲಿವರ್ ಬಿಡಲೂ ಆಗಲಿಲ್ಲ, ಹಿಡಿಯಲೂ ಆಗಲಿಲ್ಲ. ರಸ್ತೆ ಬದಿಯಲ್ಲಿ ಕೂತು ಅತ್ತಿದ್ದೇನೆ, ನಿಜ.

ಈಗಿನ ಹೆಚ್ಚಿನ ಶಿಫ್ಟರ್‌ಗಳಲ್ಲಿ ಲಿವರನ್ನು ಹತ್ತಿರಕ್ಕೆ ತರಲು ಒಂದು ಸ್ಕ್ರೂ ಇರುತ್ತದೆ. ಹಳೆಯವುಗಳಲ್ಲಿ ಕೆಲವಕ್ಕೆ ಸಣ್ಣ ಬಿಲ್ಲೆ ಸಿಕ್ಕಿಸಬೇಕು. ಕೆಲವಕ್ಕೆ ಎರಡೂ ಇಲ್ಲ. ಕೊಳ್ಳುವ ಮೊದಲು ಸೈಕಲ್ ಮೇಲೆ ಕೂತು ಡ್ರಾಪ್ ಹಿಡಿಯಿರಿ. ಎರಡು ಬೆರಳಲ್ಲಿ ಬ್ರೇಕ್ ಎಳೆಯಿರಿ. ಎಟುಕದಿದ್ದರೆ ಆ ಸೈಕಲ್ ಬೇಡ. ಎಷ್ಟು ಸ್ಪೀಡಾದರೂ ಇರಲಿ, ಯಾವ ಕಂಪನಿಯದಾದರೂ ಇರಲಿ.

ಮೈಸೂರಿಂದ ಮೇಲೆ · ಮಂಗಳವಾರ ಮಧ್ಯಾಹ್ನ

ಇಷ್ಟೆಲ್ಲ ಕೆಸರು, ತುಕ್ಕು, ಕೇಬಲ್ ಅಂತ ಕಷ್ಟಪಡುವುದು ಯಾಕೆ? ಬ್ಯಾಟರಿಯಲ್ಲಿ ನಡೆಯುವ ಎಲೆಕ್ಟ್ರಾನಿಕ್ ಗೇರಿಗೆ ಹೋಗಿ. ಕೇಬಲ್ಲೇ ಇಲ್ಲ. ಸ್ರಾಮ್‌ನದು ವೈರ್ ಕೂಡ ಇಲ್ಲ. ಬಲಗೈ ಒತ್ತಿದರೆ ಭಾರ, ಎಡಗೈ ಒತ್ತಿದರೆ ಹಗುರ, ಎರಡೂ ಒತ್ತಿದರೆ ಮುಂದಿನದು ಬದಲಾಗುತ್ತದೆ. ನನ್ನ ಸಂಬಂಧಿಯೊಬ್ಬರಿಗೆ ಗಂಟುನೋವು. ಹಳೇ ಲಿವರ್ ತಳ್ಳಲಾಗದೆ ಸೈಕಲನ್ನೇ ಬಿಟ್ಟಿದ್ದರು. ಈಗ ಗುಂಡಿ ಮುಟ್ಟಿದರೆ ಸಾಕು. ಮತ್ತೆ ಶುರು ಮಾಡಿದ್ದಾರೆ.

ಹಳೇ ಸ್ಟೀಲ್ · ಮಂಗಳವಾರ ಮಧ್ಯಾಹ್ನ

ಮೈಸೂರಿನವರಿಗೆ ಜಡಿಮಳೆಯ ಕಕ್ಕಡ ತಿಂಗಳಲ್ಲಿ ಕೊಡಗಿನ ಕರೆಂಟ್ ಕಥೆ ಗೊತ್ತಿಲ್ಲ ಅಂತ ಕಾಣುತ್ತದೆ. ಮರ ಬಿದ್ದರೆ ನಾಲ್ಕು ದಿನ ಕತ್ತಲೆ. ಫೋನ್ ಚಾರ್ಜ್ ಮಾಡಲು ಜೀಪ್ ಸ್ಟಾರ್ಟ್ ಮಾಡುವ ಊರು ನಮ್ಮದು.

ಮೈಸೂರಿಂದ ಮೇಲೆ · ಮಂಗಳವಾರ ಸಂಜೆ

ಒಂದು ಚಾರ್ಜಿಗೆ ಸುಮಾರು 1,000 ಕಿ.ಮೀ. ಬರುತ್ತದೆ ಸ್ವಾಮಿ. ಕಕ್ಕಡದಲ್ಲಿ ನೀವು ಓಡಿಸುವುದು ಎಷ್ಟು? ಮನೆಯಿಂದ ಗೇಟಿನವರೆಗೆ. ಶಿಮಾನೊದಲ್ಲಿ ಬ್ಯಾಟರಿ ಮುಗಿಯುತ್ತಾ ಬಂದರೆ ಮೊದಲು ಮುಂದಿನ ಗೇರ್ ನಿಲ್ಲುತ್ತದೆ, ಹಿಂದಿನದು ಇನ್ನೂ ಸ್ವಲ್ಪ ಹೊತ್ತು ನಡೆಯುತ್ತದೆ. ಮನೆ ಮುಟ್ಟಲು ಸಮಯ ಕೊಡುತ್ತದೆ. ತುಂಡಾಗುವ ಕೇಬಲ್ ಯಾವ ಸಮಯ ಕೊಡುತ್ತದೆ?

ಆದರೆ ಮೂರ್ನಾಡು ಪೆಡಲ್ ಅವರ ಬಜೆಟ್ಟಿಗೆ ಇದು ಆಗುವುದಿಲ್ಲ, ಒಪ್ಪುತ್ತೇನೆ. ಸುಮ್ನೆ ಆಸೆ ಹುಟ್ಟಿಸಿದೆ.

ತಾಳತ್ತಮನೆ ತಿರುವು · ಮಂಗಳವಾರ ರಾತ್ರಿ

ತುಂಡಾಗುವ ಕೇಬಲ್ ಅಂದಿರಲ್ಲ, ನನ್ನ ಕಥೆ ಕೇಳಿ. ಸಂಪಾಜೆಯಿಂದ ಮಡಿಕೇರಿಗೆ ಹತ್ತುತ್ತಿದ್ದೆ. ಜೋಡುಪಾಲ ದಾಟಿದ್ದೆ, ಮದೆನಾಡು ಇನ್ನೂ ಬಂದಿರಲಿಲ್ಲ. ಹಗುರ ಗೇರಿಗೆ ಲಿವರ್ ತಳ್ಳಿದೆ. ಒಳಗೆ ಏನೋ ಚಟ್ ಅಂದಿತು. ಲಿವರ್ ಬೆಣ್ಣೆಯಂತೆ ಮೆತ್ತಗಾಯಿತು. ಹಿಂದಿನ ಡಿರೇಲರ್ ಸ್ಪ್ರಿಂಗ್ ಎಳೆದದ್ದೇ, ಚೈನು ಅತಿ ಸಣ್ಣ ಹಲ್ಲುಚಕ್ರಕ್ಕೆ ಜಾರಿತು. ಹಿಂದೆ ಅದಕ್ಕಿಂತ ಭಾರದ ಗೇರಿಲ್ಲ. ಎದುರಿಗೆ ಏರು. ಮೇಲಿಂದ ಮಳೆ. ಮೊಬೈಲಿಗೆ ಸಿಗ್ನಲ್ ಇಲ್ಲ.

ಸ್ವಲ್ಪ ದೂರ ತಳ್ಳಿದೆ. ಆಮೇಲೆ ಬುದ್ಧಿ ಬಂತು. ಡಿರೇಲರನ್ನು ಕೈಯಲ್ಲಿ ಒಳಕ್ಕೆ ಒತ್ತಿ ಹಿಡಿದು, ಅದರ ಸಂದಿಗೆ ಒಂದು ಕಡ್ಡಿ ಸಿಕ್ಕಿಸಿದೆ. ಮೊದಲನೆಯದು ಲಡ್ಡು ಕಡ್ಡಿ, ಹತ್ತು ಸುತ್ತಿಗೆ ಪುಡಿ. ಎರಡನೆಯದು ಬೇಲಿ ಪಕ್ಕದ ಕಾಫಿ ಗಿಡದ್ದು. ಗಟ್ಟಿ ಮರ ನೋಡಿ, ಅಲ್ಲಾಡಲಿಲ್ಲ. ಚೈನು ನಡುವಿನ ಹಲ್ಲುಚಕ್ರದಲ್ಲಿ ನಿಂತಿತು. ಮುಂದೆ, ಪೆಡಲ್ ಪಕ್ಕದಲ್ಲಿ, ಸಣ್ಣ ರಿಂಗ್ ಹಾಕಿದೆ. ಒಂದೇ ಗೇರಿನಲ್ಲಿ ಮನೆ ಸೇರಿದೆ. ತೋಟದವರು ಯಾರಾದರೂ ಓದುತ್ತಿದ್ದರೆ ಕ್ಷಮಿಸಿ, ಒಂದು ಕಡ್ಡಿ ನಿಮಗೆ ಬಾಕಿ.

ಗೋಣಿಕೊಪ್ಪ ಸ್ಪ್ಯಾನರ್ · ಮಂಗಳವಾರ ರಾತ್ರಿ

ಕಾಫಿ ಕಡ್ಡಿ ಒಳ್ಳೆ ಉಪಾಯ. ಸ್ಕ್ರೂ ಡ್ರೈವರ್ ಇದ್ದರೆ ಇನ್ನೊಂದಿದೆ. ಹಿಂದಿನ ಡಿರೇಲರಿನಲ್ಲಿ ಎಚ್ ಎಂದು ಬರೆದ ಸ್ಕ್ರೂ ಇರುತ್ತದೆ. ಅದನ್ನು ಒಳಕ್ಕೆ ತಿರುಗಿಸುತ್ತಾ ಹೋದರೆ ಚೈನು ಒಂದೆರಡು ಹಲ್ಲುಚಕ್ರ ಮೇಲೆ ಬಂದು ಕೂರುತ್ತದೆ. ಅಷ್ಟಾದರೂ ಸಿಗುತ್ತದೆ.

ಕೇಬಲ್ ತುಂಡಾಗುವುದು ಹೆಚ್ಚಾಗಿ ಶಿಫ್ಟರಿನ ಒಳಗೇ. ಕೇಬಲಿನ ತಲೆ ಕೂರುವಲ್ಲಿ ಅದು ಪ್ರತಿ ಸಲ ಗಟ್ಟಿಯಾಗಿ ಬಾಗುತ್ತದೆ. ಒಂದೊಂದೇ ಎಳೆ ಹರಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆದರೆ ಮುನ್ಸೂಚನೆ ಇರುತ್ತದೆ. ನಿನ್ನೆ ಸರಿಯಾಗಿದ್ದ ಗೇರು ಇವತ್ತು ತಡವಾಗಿ ಬೀಳುತ್ತದೆ. ಕೇಬಲ್ ಬಿಗಿ ಮಾಡುವ ಅಡ್ಜಸ್ಟರ್ ಅರ್ಧ ಸುತ್ತು ತಿರುಗಿಸುತ್ತೀರಿ, ಸರಿಯಾಗುತ್ತದೆ. ಮೂರು ದಿನಕ್ಕೆ ಮತ್ತೆ ಅದೇ. ಹೀಗಾದರೆ ಕೇಬಲ್ ಹಿಗ್ಗಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಹರಿಯುತ್ತಿದೆ. ಅವತ್ತೇ ಬದಲಿಸಿ. ಪೂರ್ತಿ ತುಂಡಾದರೆ ತಲೆ ಒಳಗೇ ಸಿಕ್ಕಿಕೊಳ್ಳುತ್ತದೆ. ಹುಡ್ ರಬ್ಬರ್ ಮಡಚಿ, ಸೂಜಿ ಹಿಡಿದು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ತೆಗೆಯಬೇಕು. ನಾನು ವರ್ಷಕ್ಕೊಮ್ಮೆ, ಮೇ ಕೊನೆಗೆ, ಮಳೆ ಹಿಡಿಯುವ ಮೊದಲು ಇನ್ನರ್ ಬದಲಿಸುತ್ತೇನೆ. ಕೆಟ್ಟಿದೆಯಾ ಇಲ್ಲವಾ ಎಂದು ನೋಡುವುದೇ ಇಲ್ಲ.

ಇನ್ನೊಂದು. ಹಳೇ ಶಿಮಾನೊ ಲಿವರ್ ಗಾಳಿಗೆ ತಳ್ಳಿದಂತೆ ಖಾಲಿ ಹೋಗುತ್ತಿದ್ದರೆ ಸತ್ತಿದೆ ಅಂತಲ್ಲ. ಒಳಗಿನ ಗ್ರೀಸ್ ಅಂಟಾಗಿ ಗಟ್ಟಿಯಾಗಿರುತ್ತದೆ. ಡಿಗ್ರೀಸರ್ ಸ್ಪ್ರೇ ಚೆನ್ನಾಗಿ ಹೊಡೆದು ನೂರು ಸಲ ಒತ್ತಿ. ಆಮೇಲೆ ತೆಳು ಎಣ್ಣೆ ಬಿಡಿ. ಅರ್ಧಕ್ಕರ್ಧ ಬದುಕುತ್ತವೆ.

ಹಳೇ ಸ್ಟೀಲ್ · ಮಂಗಳವಾರ ರಾತ್ರಿ

ಹೀಗೆ ಸೂಜಿ, ಟಾರ್ಚ್, ಸ್ಪ್ರೇ. ಡೌನ್‌ಟ್ಯೂಬಿನಲ್ಲಿ ಕೇಬಲ್ ತುಂಡಾದರೆ ಹೊಸದು ಪೋಣಿಸಲು ಐದು ನಿಮಿಷ. ನಾನು ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ಸುಮ್ಮನಾಗುವ ಮೊದಲು ಇನ್ನೊಂದು. ಕ್ಯಾಂಪಾಗ್ನೊಲೊ ಕಂಪನಿಯ ಎರ್ಗೋಪವರ್ ಶಿಫ್ಟರಿನ ಹೆಸರು ಯಾರೂ ಎತ್ತಲಿಲ್ಲ. 1992ರಿಂದ ಇದೆ. ಬ್ರೇಕಿಗೆ ಒಂದು ಲಿವರ್, ಹಗುರ ಗೇರಿಗೆ ಒಂದು, ಭಾರಕ್ಕೆ ಹೆಬ್ಬೆರಳ ಗುಂಡಿ. ಹಳೆಯವನ್ನು ಬಿಚ್ಚಿ, ಒಳಗಿನ ಸ್ಪ್ರಿಂಗ್ ಬದಲಿಸಿ, ಮತ್ತೆ ಜೋಡಿಸಬಹುದಿತ್ತು. ಬ್ರೇಕ್ ಲಿವರಿನಲ್ಲಿ ಗೇರ್ ಇರಲೇಬೇಕು ಅಂದರೆ ಅದು ಮರ್ಯಾದಸ್ಥರ ಗೇರು.

ಪುಟ್ಟ ಕೈ · ಬುಧವಾರ ಬೆಳಗ್ಗೆ

ಮರ್ಯಾದೆ ಇದೆ, ಸ್ಪೇರ್ ಎಲ್ಲಿದೆ ಅಂಕಲ್? ಗೋಣಿಕೊಪ್ಪದ ಸಂತೆಯಲ್ಲಿ ಸಿಗುತ್ತದಾ?

ಸಂಪಾಜೆ ಇಳಿಜಾರು · ಬುಧವಾರ ಬೆಳಗ್ಗೆ

ಹಾಗಾದರೆ ಸ್ಟೀಲ್ ಸೈಕಲಿಗೆ ಬಾರ್‌ಎಂಡ್ ಶಿಫ್ಟರ್ ಹಾಕಿಸಿದರೆ? ಹ್ಯಾಂಡಲಿನ ಎರಡು ತುದಿಗೆ ಲಿವರ್. ಕೈ ಪೂರ್ತಿ ಬಿಡಬೇಕಾಗಿಲ್ಲ. ಶಿಮಾನೊ 9 ಸ್ಪೀಡಿನದರಲ್ಲಿ ಕ್ಲಿಕ್ ಬೇಡ ಅಂದರೆ ತಿರುಗಿಸಿ ಫ್ರಿಕ್ಷನ್ ಮಾಡಿಕೊಳ್ಳಬಹುದು. ಡಿರೇಲರ್ ಬಿದ್ದು ಸೊಟ್ಟಗಾದರೂ ಮನೆ ತನಕ ಎಳೆದುಕೊಂಡು ಬರಬಹುದು. ದೂರ ಹೋಗುವವರು ಇದನ್ನೇ ಇಷ್ಟಪಡುತ್ತಾರೆ. ಸೈಕಲನ್ನು ಗೋಡೆಗೆ ಒರಗಿಸುವಾಗ ಮಾತ್ರ ಜಾಗ್ರತೆ. ಮೊದಲು ತಾಗುವುದು ಅದೇ.

ಗೋಣಿಕೊಪ್ಪ ಸ್ಪ್ಯಾನರ್ · ಬುಧವಾರ ಮಧ್ಯಾಹ್ನ

ಮೂರು ದಿನದಿಂದ ಕೈಯ ಬಗ್ಗೆಯೇ ಮಾತಾಡುತ್ತಿದ್ದೇವೆ. ಹಲ್ಲು ಯಾರೂ ಎಣಿಸಲಿಲ್ಲ, ನಾನೂ ಸೇರಿ. ಮೂರ್ನಾಡು ಪೆಡಲ್ ಅವರೇ, ಮೂರೂ ಸೈಕಲಿನಲ್ಲಿ ಮುಂದಿನ ಸಣ್ಣ ರಿಂಗ್ ಮತ್ತು ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲು ಎಣಿಸಿ ಹಾಕಿ.

ಮೂರ್ನಾಡು ಪೆಡಲ್ · ಗುರುವಾರ ರಾತ್ರಿ

ಇವತ್ತು ರಜೆ ಹಾಕಿ ಮೂರನ್ನೂ ನೋಡಿ ಬಂದೆ. ಸ್ಟೀಲ್: ಮುಂದೆ 42, ಹಿಂದೆ 28. ಶಿಮಾನೊ: ಮುಂದೆ 34, ಹಿಂದೆ 25. ಸ್ರಾಮ್: ಮುಂದೆ 34, ಹಿಂದೆ 28.

ಗೋಣಿಕೊಪ್ಪ ಸ್ಪ್ಯಾನರ್ · ಗುರುವಾರ ರಾತ್ರಿ

ಅಲ್ಲಿಗೆ ಅರ್ಧ ಜಗಳ ಮುಗಿಯಿತು. ಮುಂದಿನದನ್ನು ಹಿಂದಿನದರಿಂದ ಭಾಗಿಸಿ. ಸ್ಟೀಲ್ 1.5. ಅಂದರೆ ಒಂದು ಸಲ ಪೆಡಲ್ ಸುತ್ತಿದರೆ ಚಕ್ರ ಒಂದೂವರೆ ಸುತ್ತು. ಶಿಮಾನೊ 1.36. ಸ್ರಾಮ್ 1.21. ಭಾಗಮಂಡಲದಿಂದ ತಲಕಾವೇರಿಗೆ 8 ಕಿ.ಮೀ. ಏರು. ಅಲ್ಲಿ 1.5ರಲ್ಲಿ ನೀವು ತುಳಿಯುವುದಿಲ್ಲ, ತೀರ್ಥಯಾತ್ರೆಯವರ ಜೊತೆ ನಡೆಯುತ್ತೀರಿ. ಹಳೇ ಸ್ಟೀಲ್ ಅವರ ಕಾಲು ಬೇರೆ, ನಮ್ಮ ಕಾಲು ಬೇರೆ.

ಶಿಮಾನೊ 8 ಸ್ಪೀಡಿಗೆ ಒಂದು ಅನುಕೂಲವಿದೆ. ಅದರ ಶಿಫ್ಟರಿಗೆ ಶಿಮಾನೊದ 9 ಸ್ಪೀಡ್ ಮೌಂಟೇನ್ ಬೈಕ್ ಡಿರೇಲರ್ ಹೊಂದುತ್ತದೆ. ಕೇಬಲ್ ಎಳೆತದ ಲೆಕ್ಕ ಒಂದೇ. ಹಿಂದೆ ದೊಡ್ಡದು 34 ಹಲ್ಲಿನದಾದ ಕ್ಯಾಸೆಟ್ (ಹಲ್ಲುಚಕ್ರಗಳ ಕಟ್ಟು), ಸ್ವಲ್ಪ ಉದ್ದ ಚೈನ್. ಆಗ 34ಕ್ಕೆ 34. ಸರಿಯಾಗಿ 1. ಆ ಗೇರಿನಲ್ಲಿ ಹಾಡು ಹೇಳುತ್ತಾ ಹತ್ತಬಹುದು. 8 ಸ್ಪೀಡ್ ಕ್ಯಾಸೆಟ್, ಚೈನ್ ಎರಡೂ ಅಗ್ಗ. ಎಲ್ಲ ಕಡೆ ಸಿಗುತ್ತವೆ.

ಕುಶಾಲನಗರ ಡಬ್ಬಲ್ · ಗುರುವಾರ ರಾತ್ರಿ

ಸ್ರಾಮಿಗೂ ಅದೇ ಕಂಪನಿಯ 10 ಸ್ಪೀಡ್ ಮೌಂಟೇನ್ ಡಿರೇಲರ್ ಹಾಕಬಹುದು ಅಂತ ದಾಖಲೆಗೆ ಬರೆದಿಡುತ್ತೇನೆ. ಹುಡುಕಲು ಕಷ್ಟ, ಅದನ್ನೂ ಒಪ್ಪುತ್ತೇನೆ.

ಓಡಿಸಿ ನೋಡಿದಿರಾ?

ಮೂರ್ನಾಡು ಪೆಡಲ್ · ಶುಕ್ರವಾರ ಬೆಳಗ್ಗೆ

ಓಡಿಸಿದೆ. ಸ್ಟೀಲ್ ಚೆಂದ. ಸಪಾಟು ರಸ್ತೆಯಲ್ಲಿ ಲಿವರ್ ಸರಿಸುತ್ತಾ ಚೈನಿನ ಸದ್ದು ಕೇಳುತ್ತಾ ಹೋಗುವುದು ಏನೋ ಖುಷಿ. ಏರು ಬಂದ ಮೇಲೆ ಖುಷಿ ಹೋಯಿತು. ಸ್ರಾಮ್ ಎಲ್ಲಕ್ಕಿಂತ ನಯ. ಆದರೆ ಡಬ್ಬಲ್ ಅವರು ಹೇಳಿದ ಚೇಷ್ಟೆ ಹತ್ತು ನಿಮಿಷದಲ್ಲಿ ಎರಡು ಸಲ ಆಯಿತು. ಬಲಗಡೆ ಲಿವರ್ ಸ್ವಲ್ಪ ಲೊಡಲೊಡ ಅನ್ನುತ್ತಿತ್ತು. ಕೇಳಿದರೆ ಮಾರುವವರು ಮಾತು ಬದಲಿಸಿದರು.

ಶಿಮಾನೊ ಗುಂಡಿ ಆಟಿಕೆ ಥರ ಇದೆ. ಆದರೆ ಹತ್ತು ಸಲ ಒತ್ತಿದರೆ ಹತ್ತು ಸಲವೂ ಗೇರ್ ಬಿತ್ತು. ಡ್ರಾಪ್ ಹಿಡಿದು ಎರಡು ಬೆರಳಲ್ಲಿ ಬ್ರೇಕ್ ಎಳೆದು ನೋಡಿದೆ, ಎಟುಕಿತು. ಅದನ್ನೇ ತಗೊಂಡೆ. ಡಿರೇಲರ್, ಕ್ಯಾಸೆಟ್, ಚೈನ್ ಮೈಸೂರಿಂದ ತರಿಸುತ್ತಿದ್ದೇನೆ. ಕೇಬಲ್ ಔಟರ್ ಇಲ್ಲೇ ಸಿಗುವ ಮಾಮೂಲಿ ಸೈಕಲಿನದ್ದು ನಡೆಯುತ್ತದಾ?

ಗೋಣಿಕೊಪ್ಪ ಸ್ಪ್ಯಾನರ್ · ಶುಕ್ರವಾರ ಬೆಳಗ್ಗೆ

ನಡೆಯುವುದಿಲ್ಲ! ಅದು ಬ್ರೇಕಿನ ಔಟರ್. ಒಳಗೆ ಸ್ಪ್ರಿಂಗಿನಂತೆ ಸುತ್ತಿದ ತಂತಿ ಇರುತ್ತದೆ. ಹ್ಯಾಂಡಲ್ ತಿರುಗಿಸಿದಾಗ, ಎಳೆದಾಗ ಉದ್ದ ಬದಲಾಗುತ್ತದೆ. ಕ್ಲಿಕ್ ಲೆಕ್ಕ ತಪ್ಪುತ್ತದೆ. ಒಂದು ಅಂಗಡಿಯಲ್ಲಿ ನನ್ನ ಸೈಕಲಿಗೆ ಅದನ್ನೇ ಹಾಕಿಕೊಟ್ಟರು, ತಿಂಗಳು ಪೂರ್ತಿ ತಲೆ ಕೆಡಿಸಿಕೊಂಡೆ. ಗೇರಿನ ಔಟರಿನಲ್ಲಿ ತಂತಿಗಳು ಉದ್ದಕ್ಕೆ ಸಾಲಾಗಿರುತ್ತವೆ. 4 ಮಿ.ಮೀ. ದಪ್ಪದ್ದು ಕೇಳಿ ತರಿಸಿ. ಉಳಿದ ತುಂಡನ್ನು ಅಪ್ಪಿತಪ್ಪಿಯೂ ಬ್ರೇಕಿಗೆ ಹಾಕಬೇಡಿ. ಜೋರಾಗಿ ಹಿಡಿದಾಗ ಒಡೆದುಹೋಗುತ್ತದೆ.

ಹಳೇ ಸ್ಟೀಲ್ · ಶುಕ್ರವಾರ ಮಧ್ಯಾಹ್ನ

ಒಳ್ಳೆಯದಾಗಲಿ. ಆ ಸ್ಟೀಲ್ ಸೈಕಲ್ ಇನ್ನೂ ಮಾರಾಟಕ್ಕೆ ಇದೆಯಾ? ಅವರ ನಂಬರ್ ಇನ್‌ಬಾಕ್ಸಿಗೆ ಹಾಕಿ. ಇಲ್ಲಿ ಬರೆಯಬೇಡಿ, ಮನೆಯವರು ಇದನ್ನೆಲ್ಲ ಓದುತ್ತಾರೆ.